ಆನೆಗೊಂದಿ ದಾರಿಯ ನೆಲಗಪ್ಪೆಗಳು

ಗಂಗಾವತಿ ಬಿಟ್ಟು ಆನೆಗೊಂದಿ ದಾರಿ ಹಿಡಿದರೆ ಕಣ್ಣು ಹಾಯಿಸಿದಲ್ಲೆಲ್ಲ ಭತ್ತದ ಗದ್ದೆ. ನೆಲಗಪ್ಪೆ ನೋಡಬೇಕೆಂದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ದಿನಗಳಲ್ಲಿ, ಮಳೆ ಬಿದ್ದು ನಿಂತ ರಾತ್ರಿಯೇ ಹೊರಡಬೇಕು. ಒಣ ರಾತ್ರಿ ಹೋದರೆ ಸೊಳ್ಳೆ ಕಡಿಸಿಕೊಂಡು ಬರುವುದಷ್ಟೇ.

ಮೊದಲು ಸಿಗುವುದು ಗದ್ದೆಯಲ್ಲಲ್ಲ, ಊರೊಳಗಿನ ಬೀದಿದೀಪದ ಬುಡದಲ್ಲಿ. ಉದುರಿದ ರೆಕ್ಕೆಗೆದ್ದಲನ್ನು ಒಂದೊಂದಾಗಿ ನೆಕ್ಕುತ್ತ ಕೂತಿರುತ್ತದೆ. ಟಾರ್ಚನ್ನು ನೇರ ಮುಖಕ್ಕೆ ಹಿಡಿದರೆ ತಲೆ ತಗ್ಗಿಸಿ, ಗಾಳಿ ತುಂಬಿಕೊಂಡು ಉಬ್ಬಿಬಿಡುತ್ತದೆ. ಪಕ್ಕದಿಂದ ಬೆಳಕು ಬಿಡಿ. ಕಣ್ಣಿನ ಮೇಲೆ ಕಾಡಿಗೆ ತೀಡಿದಂಥ ಕಪ್ಪು ಏಣು, ಅದರ ಹಿಂದೆ ಅವರೆಕಾಳಿನ ಆಕಾರದ ಉಬ್ಬು, ಉಬ್ಬಿನ ತುಂಬ ಸೂಜಿ ಚುಚ್ಚಿದಂಥ ರಂಧ್ರ. ವಿಷದ ಗ್ರಂಥಿ ಅದೇ. ಒತ್ತಿದರೆ ಹಾಲಿನಂಥ ರಸ ಒಸರುತ್ತದೆ. ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ.

ಮುಟ್ಟಿದರೆ ನರೂಲಿ ಏಳುತ್ತದೆ ಎನ್ನುವುದು ಸುಳ್ಳು. ಆದರೆ ಸೋಪಿನಲ್ಲಿ ಕೈ ತೊಳೆಯದೆ ಕಣ್ಣುಜ್ಜಬೇಡಿ. ನಾಯಿ ನೆಲಗಪ್ಪೆಯನ್ನು ಕಚ್ಚಿ ಅದರ ಬಾಯಲ್ಲಿ ನೊರೆ ಬಂದರೆ ನಾಯಿಯ ತಲೆ ಕೆಳಗೆ ಬಾಗಿಸಿ, ಬಾಯಿಯ ಪಕ್ಕದಿಂದ ನೀರು ಹಾಯಿಸಿ ಹೊರಗೆ ಹರಿಯಬಿಡಬೇಕು. ಗಂಟಲಿಗೇ ಸುರಿದರೆ ವಿಷವನ್ನು ನಾವೇ ಒಳಗೆ ಕಳಿಸಿದಂತೆ. ತೊಳೆದ ಮೇಲೆ ನೇರ ಪಶುವೈದ್ಯರ ಬಳಿಗೆ.

ಆನೆಗೊಂದಿ ಹತ್ತಿರ ಬದುವಿನ ಪಕ್ಕದ ನಿಂತ ನೀರಿನಲ್ಲಿ ಮೊಟ್ಟೆ ಹುಡುಕಿ. ಮುದ್ದೆಯಾಗಿ ಇದ್ದರೆ ಬೇರೆ ಕಪ್ಪೆಯದು. ಹುಲ್ಲಿಗೆ ಸುತ್ತಿಕೊಂಡ ಲೋಳೆಯ ಉದ್ದ ಎಳೆ, ಒಳಗೆ ಕರಿಮಣಿ ಪೋಣಿಸಿದ ಹಾಗಿದ್ದರೆ ನೆಲಗಪ್ಪೆಯದು.

ಆನೆಗೊಂದಿ ಹತ್ತಿರದ ಸಾಣಾಪುರದ ಬಂಡೆಗಳಲ್ಲಿ ಉಡ ಉಂಟು. ಏಷ್ಯಾದ ಉಡಗಳಿಗೆ ನೆಲಗಪ್ಪೆಯ ವಿಷ ತಡೆಯುವ ಗುಣ ಹುಟ್ಟಿನಿಂದಲೇ ಬಂದಿದೆ. ನಾಗರಹಾವು, ಕೇರೆಹಾವು ನೆಲಗಪ್ಪೆಯನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಆಸ್ಟ್ರೇಲಿಯದ ಉಡಗಳಿಗೆ ಆ ಗುಣವಿಲ್ಲ. ಅಲ್ಲಿಗೆ 1935ರಲ್ಲಿ ಹವಾಯಿಯಿಂದ ನೂರರಷ್ಟು ಕಬ್ಬುಗಪ್ಪೆ ತಂದರು. ಮಧ್ಯ ಮತ್ತು ದಕ್ಷಿಣ ಅಮೆರಿಕ ಅದರ ತವರು, ನಮ್ಮ ನೆಲಗಪ್ಪೆಯ ದೊಡ್ಡ ನೆಂಟ. ಕಬ್ಬಿನ ದುಂಬಿ ತಿನ್ನಲಿ ಎಂದು ತಂದದ್ದು. ದುಂಬಿ ಮೇಲೆ ಗರಿಯಲ್ಲಿ, ಅದರ ಮರಿಹುಳು ಮಣ್ಣಿನೊಳಗೆ, ಕಪ್ಪೆಗೆ ಹತ್ತಲೂ ಬಾರದು, ಅಗೆಯಲೂ ಬಾರದು. ಇಷ್ಟು ಯೋಚಿಸದೆ ಬಿಟ್ಟರಲ್ಲ! ಹೆಣ್ಣೊಂದು ಒಮ್ಮೆಗೆ 30,000ದವರೆಗೆ ಮೊಟ್ಟೆ ಇಡಬಲ್ಲದು. ಪಶ್ಚಿಮದ ಕಡೆ ಅವು ವರ್ಷಕ್ಕೆ 40-60 ಕಿ.ಮೀ. ಮುನ್ನುಗ್ಗಿವೆ, ಹೆಚ್ಚುಕಡಿಮೆ ಗಂಗಾವತಿಯಿಂದ ಕೊಪ್ಪಳದಷ್ಟು. ಮುಂದೆ ಸಾಗುವವುಗಳ ಕಾಲು ಹಿಂದುಳಿದವುಗಳ ಕಾಲಿಗಿಂತ ಉದ್ದ.

ನಮ್ಮದೂ ಸಾಚಾ ಅಲ್ಲ. ಬೀದಿದೀಪದ ಕೆಳಗಿನ ಇದೇ ಜಾತಿ ಮಡಗಾಸ್ಕರ್‌ನ ಟೊಮಸೀನ ಬಂದರಿನ ಸುತ್ತ ಬೇರೂರಿರುವುದು 2014ರಲ್ಲಿ ಬಯಲಾಯಿತು. ಸಂದುಗೊಂದಿನ ತಂಪು, ಕತ್ತಲೆ ಕಂಡರೆ ನುಸುಳಿ ಕೂರುವ ಪ್ರಾಣಿ ಇದು. ಸಾಣಾಪುರದಲ್ಲಿ ರಾತ್ರಿ ಉಳಿದರೆ ಬೆಳಿಗ್ಗೆ ಬೂಟು ಕೊಡವಿಯೇ ಕಾಲಿಡಿ.