ಸೋಲಾಪುರ ಮುಳುಗಿಸಿದ್ದು ಯೂನಿಯನ್ನಾ?

ಹೋದ ವಾರ ಸೋಲಾಪುರದ ಹತ್ತಿರದ ಅಕ್ಕಲಕೋಟೆಯಲ್ಲಿ ನಮ್ಮ ಕಾಕಾನ ಮಗಳ ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಮಾಮಾ, ಹುಗ್ಗಿ ಮೇಲೆ ಇನ್ನೊಂದು ಸಲ ತುಪ್ಪ ಹಾಕಿಸಿಕೊಂಡು, "ಸೋಲಾಪುರ ಮುಳುಗಿಸಿದವ್ರು ಯೂನಿಯನ್ ಮಂದೀನೇ ನೋಡಪಾ. ಸಂಪ ಮಾಡಿ ಮಾಡಿ ಬಟ್ಟಿ ಮಿಲ್ ಬಂದ್ ಕೆಡವಿದ್ರು" ಅಂದರು. ಅಕ್ಕಪಕ್ಕದವರೆಲ್ಲ ಹೌದು ಹೌದು ಅಂದರು. ನಾನು ಸುಮ್ನಿದ್ದೆ. ಮದುವೆ ಮನೆ ಅಲ್ವಾ. ಆದರೆ ಪುಣೆಗೆ ವಾಪಸ್ ಬರುವಷ್ಟೂ ಹೊತ್ತು ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮಜ್ಜ ದಕ್ಷಿಣ ಸೋಲಾಪುರ ತಾಲ್ಲೂಕಿನ ಹಳ್ಳಿಯವನು. ಮನೆಯಲ್ಲಿ ಕನ್ನಡ, ಮಿಲ್ಲಿನಲ್ಲಿ ಮರಾಠಿ, ಚಾಳಿನಲ್ಲಿ ಪಕ್ಕದ ಮನೆಯವರ ಜೊತೆ ತೆಲುಗು. ಮಿಲ್ಲಿಗೆ ಸೇರಿದಾಗ ಅವನು ಬದಲಿ. ಬದಲಿ ಅಂದರೆ ಗೊತ್ತಿಲ್ಲದವರಿಗೆ ಹೇಳ್ತೀನಿ: ಕಾಯಂ ಕೆಲಸಗಾರ ಬರದ ದಿನ ಅವನ ಜಾಗಕ್ಕೆ ಹೋಗುವವನು. ಬೆಳಗಿನ ಭೋಂಗಾ (ಮಿಲ್ಲಿನ ಸೈರನ್) ಆಗುವುದಕ್ಕೆ ಮುಂಚೆ ಗೇಟಿನ ಹತ್ತಿರ ಹೋಗಿ ಪಾಸು ಹಿಡಿದು ನಿಲ್ಲಬೇಕು. ಜಾಬರ್, ಅಂದರೆ ಆಳು ಆರಿಸುವ ಮೇಸ್ತ್ರಿ, ಬಂದು ಕೈ ತೋರಿಸಿದರೆ ಒಳಗೆ, ಇಲ್ಲದಿದ್ದರೆ ಮನೆಗೆ. ಮನೆಗೆ ಅಂದರೂ ಮನೆಗಲ್ಲ, ಮಧ್ಯಾಹ್ನದ ಪಾಳಿಗೆ ಮತ್ತೆ ಅದೇ ಗೇಟು. ಆ ಪಾಸು ಈಗಲೂ ನಮ್ಮವ್ವನ ಟ್ರಂಕಿನಲ್ಲಿದೆ. ಅಂಗೈ ಅಗಲದ ರಟ್ಟು, ಬೆವರಿಗೆ ಅಂಚೆಲ್ಲ ಮೆತ್ತಗಾಗಿ ಬಟ್ಟೆ ಥರ ಆಗಿಬಿಟ್ಟಿದೆ. ಜಾಬರನ ಮನೆಗೆ ಸುಗ್ಗಿಯಲ್ಲಿ ಒಂದು ಚೀಲ ಜೋಳ ಹೋಗಬೇಕಿತ್ತಂತೆ. ಅದು ನಿಂತಿದ್ದು ಯೂನಿಯನ್ನಿನವರು ಗಲಾಟೆ ಮಾಡಿ ಬದಲಿಗಳನ್ನೂ ಸರದಿ ಪಟ್ಟಿಯ ಪ್ರಕಾರ ಕರೆಯಬೇಕು ಅಂತ ಹಟ ಹಿಡಿದ ಮೇಲೆ. ಏಳು ವರ್ಷಕ್ಕೆ ಅಜ್ಜ ಕಾಯಂ ಆದ. ಜಾಬರನಿಗೆ ಕೊಡಬೇಕಿದ್ದ ಆ ಜೋಳದ ಚೀಲ ನಮ್ಮ ಮನೆಯಲ್ಲೇ ಉಳಿಯಿತು.

ಈಗ ಮಾಮಾನ ಮಾತಿಗೆ ಬರೋಣ. ಸಂಪು, ಅಂದರೆ ಮುಷ್ಕರ, ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು 1982ರ ಮುಂಬೈ ಮಿಲ್ಲುಗಳ ಸಂಪು, ಅದರ ಮುಂದಾಳು ದತ್ತಾ ಸಾಮಂತ್. ಆದರೆ ಸೋಲಾಪುರದ ಜುನಿ ಮಿಲ್, ಅಂದರೆ ನಮ್ಮೂರಿನ ಮೊದಲ ದೊಡ್ಡ ಮಿಲ್ಲು, 1960ರ ದಶಕದಲ್ಲೇ ಬಾಗಿಲು ಹಾಕಿತ್ತು. ಮುಂಬೈ ಸಂಪಿಗೂ ಅದಕ್ಕೂ ಏನು ಸಂಬಂಧ? ನರಸಿಂಗ ಗಿರಜಿ ಮಿಲ್ಲನ್ನು ಸರ್ಕಾರವೇ ಕೈಗೆ ತಗೊಂಡು ನಡೆಸಿತು, ಅದೂ ಉಳಿಯಲಿಲ್ಲ. ಲಕ್ಷ್ಮೀ-ವಿಷ್ಣು 1990ರ ದಶಕದಲ್ಲಿ ನಿಂತಿತು. ಹಳೇ ಮಗ್ಗಗಳನ್ನೇ ಎಣ್ಣೆ ಹಾಕಿ ಓಡಿಸಿದರು, ಹೊಸದಕ್ಕೆ ದುಡ್ಡು ಹಾಕಲಿಲ್ಲ. ಆ ಕಡೆ ಪವರ್‌ಲೂಮ್ ಶೆಡ್ಡುಗಳಲ್ಲಿ ಅದೇ ಬಟ್ಟೆ ಕಡಿಮೆ ಕೂಲಿಗೆ ತಯಾರಾಗತೊಡಗಿತು. ಕೊನೆಗೆ ಮಿಲ್ಲಿಗಿಂತ ಮಿಲ್ಲಿನ ಜಾಗಕ್ಕೇ ರೇಟು ಜಾಸ್ತಿ ಆಯಿತು.

ಹಾಗಂತ ಯೂನಿಯನ್ನುಗಳು ಸಾಚಾ ಅಂತಲ್ಲ. ಮುಂಬೈ ಪ್ರಾಂತ್ಯದಲ್ಲಿ 1946ರ ಕಾಯ್ದೆ ಒಂದಿತ್ತು. ಒಂದು ಊರಿನ ಒಂದು ಉದ್ಯಮಕ್ಕೆ ಮಾನ್ಯತೆ ಇರುವ ಯೂನಿಯನ್ ಒಂದೇ, ಮಾಲೀಕರ ಜೊತೆ ಮಾತಾಡುವ ಹಕ್ಕು ಅದಕ್ಕೇ. ಕೆಲಸಗಾರರ ಮನಸ್ಸು ಬೇರೆ ಕಡೆ ಇದ್ದರೂ ಸಹಿ ಹಾಕುವವರು ಇವರೇ. ಅಜ್ಜ ಹೇಳುತ್ತಿದ್ದ, "ಪಾವತಿ ಒಬ್ಬರದು, ಭಾಷಣ ಇನ್ನೊಬ್ಬರದು." ಚಂದಾ ಕಟ್ಟಿ ಪಾವತಿ (ರಸೀದಿ) ತಗೊಳ್ಳುವುದು ಮಾನ್ಯತೆ ಇದ್ದವರ ಹತ್ತಿರ, ಸಂಜೆ ಹೋಗಿ ಕೂರುವುದು ಲಾಲ್ ಬಾವಟಾದ, ಅಂದರೆ ಕೆಂಪು ಬಾವುಟದ ಕಮ್ಯುನಿಸ್ಟ್ ಯೂನಿಯನ್ನಿನ, ಸಭೆಯಲ್ಲಿ. ಲೀಡರುಗಳಲ್ಲಿ ಕೆಲವರು ಚುನಾವಣೆಗೆ ನಿಂತರು, ಗೆದ್ದರು, ಆಮೇಲೆ ಗೇಟಿನ ಕಡೆ ಬರುವುದು ಕಡಿಮೆಯಾಯಿತು. ಅಜ್ಜನ ಮಿಲ್ಲು ಯಾವುದು ಅಂತ ಇಲ್ಲಿ ಬೇಡ. ಮಿಲ್ಲಿನಿಂದ ಅವನಿಗೆ ಬರಬೇಕಿದ್ದ ಬಾಕಿ ಬಂದದ್ದು ಅವನು ತೀರಿಕೊಂಡ ಮೇಲೆ, ಅದೂ ಅರ್ಧಂಬರ್ಧ.

ಮಿಲ್ಲು ಹೋದ ಮೇಲೆ ಕೆಲಸವೇನೂ ಮಾಯವಾಗಲಿಲ್ಲ. ಅದು ಚೂರುಚೂರಾಗಿ ಗಲ್ಲಿಗಲ್ಲಿಗೆ ಹೋಯಿತು. ಎಂಟು ಮಗ್ಗದ ಶೆಡ್ಡು, ಹನ್ನೆರಡು ಮಗ್ಗದ ಶೆಡ್ಡು. ಮಾಲೀಕನೂ ಅದೇ ಓಣಿಯವನು, ಬಹಳ ಸಲ ಅವನಪ್ಪನೂ ಮಿಲ್ಲಿನಲ್ಲೇ ದುಡಿದವನು. ಮಗಳ ಮದುವೆಗೆ ಅವನ ಹತ್ತಿರವೇ ಮುಂಗಡ ತಗೊಂಡಿರುತ್ತೀರಿ. ಇನ್ನು ಯಾರ ವಿರುದ್ಧ ಬಾವುಟ ಹಿಡೀತೀರಿ? ಸೋಲಾಪುರಿ ಚಾದರಿಗೆ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಬಂತು ಅಂತ ಹೆಮ್ಮೆ ಪಟ್ಟುಕೊಂಡೆವು, ಅಂಗಡಿಗೆ ಹೋದರೆ ಹರಿಯಾಣದ ಪಾಣಿಪತ್ತಿನ ಮಾಲು ಅದೇ ಹೆಸರಲ್ಲಿ ಅಗ್ಗವಾಗಿ ಸಿಗುತ್ತೆ. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟೆ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟವೆಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಮಾಲೀಕರ ಮನೆಯವರು, ಕೆಲಸಗಾರರು ಸೇರಿ 8 ಜನ ಸತ್ತರು. ಎರಡೂ ಕಡೆಯವರು ಒಂದೇ ಕಟ್ಟಡದಲ್ಲಿ ಮಲಗಿದ್ದರು.

ವಿಚಿತ್ರ ಅಂದರೆ, ನಮ್ಮೂರಲ್ಲಿ ಸಂಘಟನೆಯಿಂದ ಕಣ್ಣಿಗೆ ಕಾಣುವಂಥದ್ದು ಏನಾದರೂ ಸಿಕ್ಕಿದ್ದರೆ ಅದು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ. ಅವರಿಗೆ ಗೇಟೂ ಇರಲಿಲ್ಲ, ಭೋಂಗಾನೂ ಇರಲಿಲ್ಲ. ನಮ್ಮ ಚಾಳಿನ ತೆಲುಗು ಅಕ್ಕ ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು, ಕಣ್ಣು ಟಿವಿ ಮೇಲೆ, ಬೆರಳು ಎಲೆ ಮೇಲೆ, ದಿನಕ್ಕೆ ಸಾವಿರದ ಹತ್ತಿರ ಕಟ್ಟುತ್ತಿದ್ದಳು. ಕಾರ್ಖಾನೆಗೆ ಕೊಡಲು ಹೋದರೆ ಒಂದಷ್ಟನ್ನು ಸರಿಯಿಲ್ಲ ಅಂತ ಪಕ್ಕಕ್ಕೆ ತೆಗೆಯುತ್ತಿದ್ದರು, ಅದಕ್ಕೆ ಕೂಲಿ ಇಲ್ಲ. ಇಂಥವರನ್ನು ಕಟ್ಟಿಕೊಂಡು ಸಿಪಿಎಂ ಮುಖಂಡ ನರಸಯ್ಯ ಆಡಂ, ನಮ್ಮೂರವರ ಬಾಯಲ್ಲಿ ಆಡಂ ಮಾಸ್ತರ್, ವರ್ಷಗಟ್ಟಲೆ ಮೋರ್ಚಾ ತೆಗೆದರು. ಕುಂಭಾರಿಯಲ್ಲಿ ಮೊದಲು 10,000 ಮನೆಗಳ ಕಾಲನಿ ಆಯಿತು. ಆಮೇಲೆ 30,000 ಮನೆಗಳ ರೇ ನಗರ ಬಂತು, ಅದರಲ್ಲಿ ಮೊದಲ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ಮೋದಿ ಬಂದು ಹಸ್ತಾಂತರಿಸಿದರು. ಕೆಂಪು ಬಾವುಟದ ಮಾಸ್ತರರೂ ಮೋದಿಯೂ ಒಂದೇ ವೇದಿಕೆಯಲ್ಲಿ. ಸೋಲಾಪುರದ ರಾಜಕೀಯ ಹೊರಗಿನವರಿಗೆ ಅರ್ಥವಾಗಲ್ಲ ಬಿಡಿ.

ಇನ್ನೊಂದು ವಿಷಯ ಹೇಳದೆ ಇರೋಕಾಗಲ್ಲ. ಯೂನಿಯನ್ನಿಗೆ ಬೈದ ಅದೇ ಮಾಮಾ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸಭಾಸದರು (ಸದಸ್ಯರು). ವಿಮಾನ ಇಳಿಯಲು ಅಡ್ಡಿ ಅಂತ ಕಾರ್ಖಾನೆಯ ಚಿಮಣಿ ಕೆಡವುವ ಮಾತು ಬಂದಾಗ ರೈತರು, ಕಾರ್ಮಿಕರು ಸೇರಿ ಮೋರ್ಚಾ ತೆಗೆದರಲ್ಲ, ಅದರಲ್ಲಿ ಮಾಮಾ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿದ್ದರು. ಘೋಷಣೆ ಕೂಗಿ ಕೂಗಿ ಎರಡು ದಿನ ಗಂಟಲು ಕಟ್ಟಿತ್ತು. ಊರಿನ ಪೇಟೆ ಮಂದಿಗೆ ವಿಮಾನ ಬೇಕಿತ್ತು, ಹಳ್ಳಿ ಮಂದಿಗೆ ಕಬ್ಬು ಅರೆಯುವ ಕಾರ್ಖಾನೆ ಬೇಕಿತ್ತು. 2023ರ ಜೂನ್ 15ರಂದು ಚಿಮಣಿ ನೆಲಕ್ಕೆ ಬಿತ್ತು. ಫೋನಿನಲ್ಲಿ ವಿಡಿಯೋ ನೋಡುತ್ತಾ ಮಾಮಾ ಏನೂ ಮಾತಾಡಲಿಲ್ಲ. ಆ ಮೋರ್ಚಾಕ್ಕೂ ಅಜ್ಜನ ಕಾಲದ ಸಂಪಿಗೂ ಏನು ಫರಕು ಅಂತ ಪಂಕ್ತಿಯಲ್ಲಿ ಕೇಳಬೇಕಿತ್ತು. ಕೇಳಲಿಲ್ಲ.

ನಾನು ಪುಣೆಗೆ ಬರುವುದು ಹುತಾತ್ಮಾ ಎಕ್ಸ್‌ಪ್ರೆಸ್‌ನಲ್ಲಿ. ಯಾವ ಹುತಾತ್ಮರು ಅಂತ ಬೋಗಿಯಲ್ಲಿದ್ದ ಹುಡುಗರನ್ನು ಕೇಳಿದರೆ ಗೊತ್ತಿರಲಿಲ್ಲ. 1930ರ ಮೇ ತಿಂಗಳಲ್ಲಿ ಮಿಲ್ ಕಾರ್ಮಿಕರು ಬೀದಿಗಿಳಿದು, ಬ್ರಿಟಿಷರು ಊರಿಗೆ ಮಾರ್ಷಲ್ ಲಾ ಹೇರಿದ್ದರು. ಆಮೇಲೆ 1931ರ ಜನವರಿ 12ರಂದು, ಸಿದ್ಧರಾಮನ ಗಡ್ಡಾ ಜಾತ್ರೆಯ ಹೊತ್ತಿಗೆ ಸರಿಯಾಗಿ, ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಅವರನ್ನು ಯೆರವಾಡಾದಲ್ಲಿ ಗಲ್ಲಿಗೆ ಹಾಕಿದರು. ಅವರ ಹೆಸರಿನ ಗಾಡಿಯಲ್ಲೇ ಈಗ ನಮ್ಮೂರ ಹುಡುಗರು ಬ್ಯಾಗು ಹಿಡಿದು ಕೆಲಸ ಹುಡುಕಿಕೊಂಡು ಪುಣೆಗೆ ಹೋಗ್ತಾರೆ. ಅವರ ಕೊರಳಲ್ಲೂ ನನ್ನ ಕೊರಳಲ್ಲೂ ಒಂದೇ ಥರದ ಕಾಂಟ್ರಾಕ್ಟರನ ಐಡಿ ಕಾರ್ಡು, ಹನ್ನೊಂದು ತಿಂಗಳಿಗೊಮ್ಮೆ ಹೊಸದು.

ಮನೆ ಮುಟ್ಟಿದೆ ಅಂತ ಅವ್ವನಿಗೆ ಫೋನ್ ಮಾಡಿದೆ. ಪ್ರತಿ ಸಲದ ಹಾಗೆ, "ಕಾಯಂ ಆತೇನೋ?" ಅಂದಳು.

"ಇಲ್ಲವ್ವಾ, ಇನ್ನೂ ಇಲ್ಲ."

"ನಿಮ್ಮಜ್ಜಂದು ಏಳು ವರ್ಷಕ್ಕ ಆಗಿತ್ತಲ್ಲೋ."

ನನಗೆ ಇದು ಒಂಬತ್ತನೆಯದು.