ಜೂನ್ 28ರ ಕಳವು, ಜುಲೈ 3ರ ದೂರು

ಪೊಲೀಸ್ ಬಡ್ತಿ ಪರೀಕ್ಷೆಯ ಕ್ರಿಮಿನಲ್ ಲಾ ಪೇಪರಿನಲ್ಲಿ ಪ್ರಶ್ನೆ ಇಷ್ಟೇ: 2024ರ ಜೂನ್ 28ರಂದು ಹಗಲು ಹೊತ್ತಿನಲ್ಲಿ ಮನೆಗೆ ಬಂದಿದ್ದ ನೆಂಟನೊಬ್ಬ ಬೀರುವಿನಿಂದ 40 ಗ್ರಾಂ ಚಿನ್ನದ ಸರ ಕದ್ದಿದ್ದಾನೆ. ಪಿರ್ಯಾದಿ ಠಾಣೆಗೆ ಬಂದದ್ದು ಜುಲೈ 3ಕ್ಕೆ. ಎಸ್‌ಹೆಚ್‌ಓ (ಠಾಣಾಧಿಕಾರಿ) ಆಗಿ ನಿಮ್ಮ ಕ್ರಮವೇನು?

ಠಾಣೆಯ ಬರವಣಿಗೆ ನೋಡುವ ರೈಟರ್ ಕೆಲಸದಲ್ಲಿ ಪಳಗಿದ ಕೈ ನನ್ನದು. ಯೋಚಿಸುವ ಮೊದಲೇ ‘ಕಲಂ 305 ಬಿಎನ್‌ಎಸ್’ (ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮನೆಯೊಳಗಿನ ಕಳವು) ಎಂದು ಬರೆದು ಅಡಿಗೆರೆಯನ್ನೂ ಎಳೆದಾಗಿತ್ತು. ಮಹಜರು, ಪಿಎಫ್ (ಜಪ್ತಿ ಮಾಲಿನ ಪಟ್ಟಿ), ರಿಕವರಿ ಎಂದು ಎರಡು ಪುಟ ತುಂಬಿತು. ಕೊನೆಗೆ ರಿಜಿಸ್ಟರ್ ನಂಬರ್ ಸರಿಯಾಗಿದೆಯಾ ಎಂದು ನೋಡುವಾಗ ಪ್ರಶ್ನೆಪತ್ರಿಕೆಯ ಆ ‘28’ ಕಣ್ಣಿಗೆ ಬಿತ್ತು. ಉಳಿದದ್ದು ಆರು ನಿಮಿಷ. 305 ಹೊಡೆದು ಅದೇ ಕಳವಿನ ಹಳೆಯ ಕಲಂ 380 ಐಪಿಸಿ (ಭಾರತೀಯ ದಂಡ ಸಂಹಿತೆ) ಮಾಡಿದ್ದು ಸರಿಯೇ. ಗಾಬರಿಯಲ್ಲಿ ಅದೇ ಏಟಿಗೆ ಎಫ್‌ಐಆರ್ ದಾಖಲಿಸುವ 173 ಬಿಎನ್‌ಎಸ್‌ಎಸ್ (ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅನ್ನೂ ಹೊಡೆದು 154 ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಅಂತ ಮಾಡಿದೆ. ಮೊದಲು ತಪ್ಪಿದ್ದದ್ದು ಸರಿಯಾಯಿತು, ಸರಿ ಇದ್ದದ್ದು ಕೆಟ್ಟಿತು.

ಅಪರಾಧದ ಕಲಂ ನೋಡಬೇಕಾದ್ದು ಕೃತ್ಯ ನಡೆದ ದಿನಾಂಕದಿಂದ. ಬಿಎನ್‌ಎಸ್ ಜಾರಿಗೆ ಬಂದದ್ದೇ 2024ರ ಜುಲೈ 1ಕ್ಕೆ. ಎರಡರಲ್ಲೂ ಶಿಕ್ಷೆ ಏಳು ವರ್ಷದವರೆಗೆ ತಾನೇ, ಏನು ಮಹಾ ವ್ಯತ್ಯಾಸ ಎನ್ನುವವರಿದ್ದಾರೆ. ಜೂನ್ 28ರಂದು ಇಲ್ಲದ ಕಾನೂನಿನಲ್ಲಿ ಯಾರನ್ನೂ ತಪ್ಪಿತಸ್ಥ ಅನ್ನಲಾಗದು; ಸಂವಿಧಾನದ 20(1)ನೇ ವಿಧಿ ಅಡ್ಡ ನಿಲ್ಲುತ್ತದೆ. ಹಳೆಯ ಕೃತ್ಯಗಳಿಗೆ ಐಪಿಸಿಯನ್ನು ಉಳಿಸಿಕೊಟ್ಟಿರುವುದು ಬಿಎನ್‌ಎಸ್ 358. ಎಫ್‌ಐಆರ್, ತನಿಖೆ, ದಸ್ತಗಿರಿಯ ಮಾತು ಬೇರೆ. ಜುಲೈ 1ಕ್ಕೆ ಮೊದಲೇ ಬಾಕಿ ಇದ್ದ ತನಿಖೆಗೆ ಮಾತ್ರ ಬಿಎನ್‌ಎಸ್‌ಎಸ್ 531ರ ಪ್ರಕಾರ ಸಿಆರ್‌ಪಿಸಿ. ಜುಲೈ 3ಕ್ಕೆ ದಾಖಲಾಗುವ ಕೇಸಿಗೆ ಬಾಕಿ ತನಿಖೆ ಎಲ್ಲಿಂದ ಬರಬೇಕು? ಹಾಗಾಗಿ ಉತ್ತರ: ಕಲಂ 380 ಐಪಿಸಿ, ಎಫ್‌ಐಆರ್ ಕಲಂ 173 ಬಿಎನ್‌ಎಸ್‌ಎಸ್ ಅಡಿ. ಪೇಪರ್ ತಯಾರಿಸುವವರಿಗೆ ಈ ಐದು ದಿನದ ಅಂತರ ಅಂದರೆ ಬಲು ಪ್ರೀತಿ.

ಇದೇ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಗುಂಡಿ ಇದೆ, ಆ ‘ಏಳು ವರ್ಷ’. ಬಿಎನ್‌ಎಸ್‌ಎಸ್ ಅದನ್ನು ಮೂರು ಕಡೆ ಮೂರು ಥರ ಅಳೆಯುತ್ತದೆ. ಡಿವೈಎಸ್ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸುವ 173(3)ಕ್ಕೆ ಶಿಕ್ಷೆ ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳಕ್ಕಿಂತ ಕಡಿಮೆ ಇರಬೇಕು. ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆನ್ನುವ 176(3)ಕ್ಕೆ ಏಳು ಅಥವಾ ಹೆಚ್ಚು. ದಸ್ತಗಿರಿಗೆ ಕಾರಣ ಬರೆದಿಡಬೇಕೆನ್ನುವ 35(1)(ಬಿ)ಗೆ ಏಳಕ್ಕಿಂತ ಕಡಿಮೆ ಅಥವಾ ಏಳರವರೆಗೆ. ಮನೆಯೊಳಗಿನ ಕಳವು ಸರಿಯಾಗಿ ಏಳರ ಗೆರೆಯ ಮೇಲೆ ಕೂತಿದೆ. ಅದಕ್ಕೆ 173(3) ಬಳಸುವಂತಿಲ್ಲ, 176(3) ಬರೆಯಬೇಕು, ನೆಂಟನನ್ನು ಸೀದಾ ಎಳೆದು ತರುವ ಬದಲು ಹಾಜರಾಗಲು ಹೇಳುವ 35(3) ನೋಟೀಸಿನ ಮಾತೂ ಬರಬೇಕು. ಸಾದಾ ಕಳವಾದರೆ ಲೆಕ್ಕ ಮೂರರ ಗೆರೆಗೆ ಬರುತ್ತದೆ. 60 ದಾಟಿದವರನ್ನು ಹಿಡಿಯಲು ಡಿವೈಎಸ್ಪಿ ಅನುಮತಿ ಕೇಳುವ 35(7) ಇರುವುದು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ. ಸಾದಾ ಕಳವಿನ ಬಿಎನ್‌ಎಸ್ 303(2)ರಲ್ಲಿ ಶಿಕ್ಷೆ ಮೂರರವರೆಗೆ ಇರುವುದರಿಂದ ಅದಕ್ಕೆ ಅನ್ವಯಿಸುವುದಿಲ್ಲ. ಓದುವಾಗ ‘ಕಡಿಮೆ’, ‘ವರೆಗೆ’, ‘ಹೆಚ್ಚು’ ಈ ಮೂರು ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ.

ಹೋಲಿಕೆ ಪಟ್ಟಿ ಬಾಯಿಪಾಠ ಮಾಡಿದವರು ಮುಗ್ಗರಿಸುವುದು ಒಂದೇ ನಂಬರ್ ಎರಡು ಕಾನೂನಿನಲ್ಲಿ ಇರುವ ಕಡೆ. ಸಿಆರ್‌ಪಿಸಿ 173 ಚಾರ್ಜ್‌ಶೀಟ್, ಬಿಎನ್‌ಎಸ್‌ಎಸ್ 173 ಎಫ್‌ಐಆರ್. ಚಾರ್ಜ್‌ಶೀಟ್ ಈಗ 193. ಹಳೆಯ 482 ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸ 482 ನಿರೀಕ್ಷಣಾ ಜಾಮೀನು. ಹಳೆಯ 144 ನಿಷೇಧಾಜ್ಞೆ ಈಗ 163, ಹೊಸ 144 ಜೀವನಾಂಶ. ಐಪಿಸಿ 307 ಕೊಲೆ ಯತ್ನ ಈಗ 109. ಬಿಎನ್‌ಎಸ್ 307 ಅಂದರೆ ಕೊಲ್ಲಲೂ ಸಿದ್ಧನಾಗಿ ಬಂದು ಮಾಡಿದ ಕಳವು. ವಾಟ್ಸಾಪಿನಲ್ಲಿ ಹರಿದಾಡುವ ಪಿಡಿಎಫ್‌ಗಳಲ್ಲಿ ಉಪಕಲಂ ಇರುವುದೇ ಅಪರೂಪ. ಬರೀ 318 ಎಂದು ಬರೆದರೆ ಅರ್ಧ ಅಂಕ ಹೋದಂತೆ. ಐಪಿಸಿ 420ಕ್ಕೆ (ವಂಚನೆ) ಸರಿಯಾದದ್ದು ಬಿಎನ್‌ಎಸ್ 318(4), 506ಕ್ಕೆ (ಬೆದರಿಕೆ) 351(2) ಮತ್ತು (3). ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಸಂಕಲನ್ ಆ್ಯಪ್ ಫೋನಿನಲ್ಲಿದ್ದರೆ ಅನುಮಾನ ಬಂದಾಗ ಮೂಲಪಾಠವನ್ನೇ ತೆಗೆದು ನೋಡಬಹುದು.

ಅಭ್ಯಾಸಕ್ಕೆ ಗೈಡಿಗಿಂತ ಠಾಣೆಯ ರೆಕಾರ್ಡ್ ರೂಮ್ ವಾಸಿ. ವಿಲೇವಾರಿಯಾದ ಒಂದು ಫೈಲ್ ತೆಗೆದು ಎಫ್‌ಐಆರ್ ಮುಚ್ಚಿ, ಪಿರ್ಯಾದು ಮಾತ್ರ ಓದಿ. ಬಿಳಿ ಹಾಳೆಯಲ್ಲಿ ಮೊದಲ ಸಾಲು ಕೃತ್ಯದ ದಿನಾಂಕ, ಎರಡನೆಯದು ಕಲಂ, ಮೂರನೆಯದು ಗರಿಷ್ಠ ಶಿಕ್ಷೆ, ನಾಲ್ಕನೆಯದು ಬಿಎನ್‌ಎಸ್‌ಎಸ್ ಮೊದಲ ಅನುಸೂಚಿ ನೋಡಿ ಕಾಗ್ನಿಜಬಲ್ಲಾ (ವಾರಂಟ್ ಇಲ್ಲದೆ ಹಿಡಿಯಬಹುದಾ), ಬೇಲಬಲ್ಲಾ (ಜಾಮೀನು ಸಿಗುವಂಥದ್ದಾ) ಎಂಬುದು. ಈ ನಾಲ್ಕು ಬಿದ್ದ ಮೇಲೆಯೇ ಕ್ರಮಗಳು. ಸರದ ಕೇಸಿನಲ್ಲಿ ಅವು ಹೀಗೆ: ಪಿರ್ಯಾದಿಗೆ ಎಫ್‌ಐಆರ್ ಪ್ರತಿ ಉಚಿತ, ಜಪ್ತಿಯ ವಿಡಿಯೋ ಚಿತ್ರೀಕರಣ ಕಲಂ 105, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸುವುದು, 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ಪಿರ್ಯಾದಿಗೆ ತಿಳಿಸುವುದು. ಸ್ವ-ಇಚ್ಛಾ ಹೇಳಿಕೆಯಿಂದ ಸರ ಸಿಕ್ಕರೆ ಹಳೆಯ ಸಾಕ್ಷ್ಯ ಅಧಿನಿಯಮದ 27 ಬರೆಯಬೇಡಿ. ಅದು ಈಗ ಬಿಎಸ್‌ಎ (ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮ) 23ರ ಪರಂತುಕದಲ್ಲಿದೆ. ಪೂರ್ತಿ ಹೇಳಿಕೆ ಸಾಕ್ಷ್ಯವಲ್ಲ, ಸರ ಸಿಗಲು ಕಾರಣವಾದ ಮಾತಷ್ಟೇ. ಅಂಗಡಿ ಸಿಸಿಟಿವಿ ಇದ್ದರೆ ಬಿಎಸ್‌ಎ 63(4)ರ ಪ್ರಮಾಣಪತ್ರ ಎರಡು ಭಾಗ: ಎ ಭಾಗ ಹಾಜರುಪಡಿಸುವವರದ್ದು, ಬಿ ಭಾಗ ತಜ್ಞರದ್ದು, ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಗುರುತು) ಸಮೇತ. ಹಳೆಯ 65ಬಿ ನಮೂನೆಯನ್ನೇ ತಿದ್ದಿ ಲಗತ್ತಿಸುವ ಚಾಳಿ ಠಾಣೆಗಳಲ್ಲಿ ಇನ್ನೂ ಹೋಗಿಲ್ಲ, ಉತ್ತರ ಪತ್ರಿಕೆಗೂ ಅದೇ ಬರುತ್ತದೆ.

ಪರೀಕ್ಷೆ ಮುಂದಿಟ್ಟುಕೊಂಡು ಬಂದೋಬಸ್ತ್‌ಗೆ ಹಾಕುವ ಮೇಲಿನವರ ಬಗ್ಗೆ ಏನು ಬರೆದರೂ ಪ್ರಯೋಜನವಿಲ್ಲ. ಒಂದು ಫೈಲಿಗೆ ಇಪ್ಪತ್ತು ನಿಮಿಷ ಸಾಕು, ನೈಟ್ ರೌಂಡ್ಸ್ ಮುಗಿಸಿ ಬಂದ ಮೇಲೂ ಆಗುತ್ತದೆ. 2024ರ ಜೂನ್ ಕೊನೆ, ಜುಲೈ ಮೊದಲ ವಾರದ ಫೈಲ್‌ಗಳನ್ನೇ ಮೊದಲು ಎಳೆಯಿರಿ.