ಮಾಮನ ಲೆಕ್ಕ, ಮಗಳ ಲೆಕ್ಕ

"ಫುಟ್‌ಬಾಲ್ ಸೋತ್ರೂ ದುಡ್ಡು ತರುತ್ತೆ ಮಾಮ, ಬ್ಯಾಸ್ಕೆಟ್‌ಬಾಲ್ ಗೆದ್ರೂ ಅಷ್ಟು ತರಲ್ಲ."

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಗಳು ಮೊನ್ನೆ ಭಾನುವಾರ ನನ್ನ ತಮ್ಮನಿಗೆ ಹೇಳಿದ ಈ ಮಾತು ವಾರವಿಡೀ ತಲೆ ಕೊರೆಯುತ್ತಿದೆ. (ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ.)

ತಮ್ಮ ದಾವಣಗೆರೆಯಲ್ಲಿ ಬ್ಯಾಂಕಿನವನು. ಸಾಲ ಮಂಜೂರು ಮಾಡಿ ಮಾಡಿ, ದೇವಸ್ಥಾನಕ್ಕೆ ಹೋದರೂ ಆದಾಯ ಎಷ್ಟು ಅಂತ ಕೇಳುವ ಚಾಳಿ ಬಿದ್ದಿದೆ. ಅವನಿಗೆ ಬ್ಯಾಸ್ಕೆಟ್‌ಬಾಲ್‌ನ ಮೂಲ ನಿಯಮಗಳ ಎರಡು ಹಾಳೆ ತೋರಿಸಲು ವಿಶ್ವವಿದ್ಯಾಲಯವಿರುವ ಲಾರೆನ್ಸ್ ಊರಿಗೆ ಹೋಗಿದ್ದೆವು. 1891ರಲ್ಲಿ ಆ ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಆಮೇಲೆ ಇಲ್ಲಿಗೇ ಬಂದು ಬ್ಯಾಸ್ಕೆಟ್‌ಬಾಲ್ ತಂಡದ ಮೊದಲ ಕೋಚ್ ಆದ. ತಮಾಷೆಯೆಂದರೆ, ಇಲ್ಲಿನ ಕೋಚ್‌ಗಳಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಹೆಚ್ಚು ಆಗಿರುವುದು ಅವನೊಬ್ಬನದೇ! ಆ ಹಾಳೆಗಳನ್ನು 2010ರ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಕೊಂಡವರು ಇದೇ ಊರಲ್ಲಿ ಬೆಳೆದ ಹಳೆ ವಿದ್ಯಾರ್ಥಿ ಡೇವಿಡ್ ಬೂತ್. ಅಲ್ಲಿಂದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋದರೆ ಅದರ ಮೇಲೂ ಅವರದೇ ಹೆಸರು. 2025ರಲ್ಲಿ ಕ್ರೀಡಾ ವಿಭಾಗಕ್ಕೆ ಸುಮಾರು 30 ಕೋಟಿ ಡಾಲರ್ ಕೊಡುವುದಾಗಿಯೂ ಹೇಳಿದ್ದಾರೆ. ಎರಡೂ ಆಟಕ್ಕೆ ಒಬ್ಬನೇ ದಾನಿ ಸಿಕ್ಕಿಬಿಟ್ಟರೆ ಜಗಳವೇ ಇರುವುದಿಲ್ಲ. ಆದರೆ ಅಂಥವರು ಎಷ್ಟು ಜನ ಸಿಗುತ್ತಾರೆ?

ತಮ್ಮ ಲೆಕ್ಕಕ್ಕೆ ಕೂತ. "ಒಂದು ಆಟ ರಾಷ್ಟ್ರೀಯ ಟೂರ್ನಿಯನ್ನ ನಾಲ್ಕು ಸಲ ಗೆದ್ದಿದೆ. ಇನ್ನೊಂದು 2015ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸೋತಿದೆ. ಸಾಲ ಯಾರಿಗೆ ಕೊಡ್ಬೇಕು, ಪುಟ್ಟಿ?"

ಅದಕ್ಕೇ ಅವಳ ಆ ಉತ್ತರ. ಫೋನಿನಿಂದ ಕಣ್ಣೆತ್ತದೆ ಹೇಳಿದಳು. ನನಗೆ ಚುಚ್ಚಿದ್ದು ಅದೇ.

ಅವಳು ಹೇಳಿದ್ದು ತಪ್ಪಲ್ಲ. ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಟಿವಿ ಹಕ್ಕು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎಯದು. ಹಣ ಮೊದಲು ಅಲ್ಲಿಗೆ ಹೋಗಿ, ಆಮೇಲೆ ದೇಶದ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ. 1984ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿಶ್ವವಿದ್ಯಾಲಯಗಳೂ ತಮ್ಮತಮ್ಮೊಳಗೆ ಆಡಲು ಅವು ಕಟ್ಟಿಕೊಂಡ ಗುಂಪುಗಳಾದ ಕಾನ್ಫರೆನ್ಸ್‌ಗಳೂ ತಮ್ಮ ಪಂದ್ಯಗಳನ್ನು ತಾವೇ ಟಿವಿಗೆ ಮಾರುತ್ತವೆ. ಹನ್ನೆರಡೂ ಸೋತ ವರ್ಷವೂ ಕಾನ್ಫರೆನ್ಸಿನ ಪಾಲು ಬಂದಿತ್ತು. 2021ರಲ್ಲಿ ಟೆಕ್ಸಸ್, ಓಕ್ಲಹೋಮ ಎರಡೂ ವಿಶ್ವವಿದ್ಯಾಲಯಗಳು ಕ್ಯಾನ್ಸಸ್ ಇರುವ ಕಾನ್ಫರೆನ್ಸಾದ ಬಿಗ್ 12 ಬಿಟ್ಟು ಹೋಗುತ್ತೇವೆ ಎಂದಾಗ ಇಲ್ಲಿನವರ ಎದೆ ಧಸಕ್ಕೆಂದಿತ್ತು. ಉಳಿದವರ ಫುಟ್‌ಬಾಲ್ ಎಷ್ಟು ಜನ ನೋಡುತ್ತಾರೆ ಅನ್ನುವುದೊಂದೇ ಪ್ರಶ್ನೆ. ಮರುವರ್ಷದ ಏಪ್ರಿಲ್‌ನಲ್ಲಿ ಇಲ್ಲಿನ ಬ್ಯಾಸ್ಕೆಟ್‌ಬಾಲ್ ಹುಡುಗರು ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ 16 ಪಾಯಿಂಟ್ ಹಿಂದಿದ್ದು ಗೆದ್ದರು. ಊರಿಗೆ ಊರೇ ಬೀದಿಗಿಳಿಯಿತು, ಟಿವಿಯವರ ಲೆಕ್ಕ ಬದಲಾಗಲಿಲ್ಲ.

ಹಾಗಾಗಿ ಫುಟ್‌ಬಾಲ್‌ಗೆ ಖರ್ಚು ಮಾಡಲೇಬೇಕು, ಕಾನ್ಫರೆನ್ಸಿನಲ್ಲಿ ಕುರ್ಚಿ ಉಳಿಯುವಷ್ಟು. ಆದರೆ ಆಟಗಾರರನ್ನು ಕರೆತರುವ ಹಣದ ವಿಷಯದಲ್ಲಿ ನಾನು ತಮ್ಮನ ಕಡೆ. 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ದೊಡ್ಡ ಕಡೆಗಳಲ್ಲಿ ಮುಕ್ಕಾಲು ಪಾಲು ಫುಟ್‌ಬಾಲ್‌ಗೆ ಎತ್ತಿಡುವುದು ರೂಢಿಯಂತೆ. ಕ್ಯಾನ್ಸಸ್ ಅದನ್ನೇ ಯಾಕೆ ನಕಲು ಮಾಡಬೇಕು? ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದಲ್ಲಿರುವುದು ಐದೇ ಜನ, ಹದಿನೆಂಟರ ಒಬ್ಬ ಹುಡುಗ ತಂಡದ ಹಣೆಬರಹ ಬದಲಿಸಬಲ್ಲ. ಅದೇ ಹಣವನ್ನು 105 ಜನರ ಫುಟ್‌ಬಾಲ್ ತಂಡಕ್ಕೆ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಷ್ಟಾದರೂ ಮಾತು ಕೊರೆಯುವುದು ನಿಂತಿಲ್ಲ. ಮಗಳು ಓದುತ್ತಿರುವುದು ಇತಿಹಾಸ. ಚೆನ್ನಾಗಿಯೇ ಓದುತ್ತಾಳೆ. ಗೆದ್ದರೂ ದುಡ್ಡು ತರದ ವಿಭಾಗ ಅದು. ಇವತ್ತು ಅಂಕಣದಲ್ಲಿ ನಡೆಯುವ ಲೆಕ್ಕ ನಾಳೆ ತರಗತಿಗೆ ಬಂದರೆ ಮೊದಲು ಬೀಗ ಬೀಳುವುದು ಎಲ್ಲಿಗೆ? ಕಾರಿನಲ್ಲಿ ಇದನ್ನೇ ಕೇಳಿದೆ. "ಅಮ್ಮಾ, ಅದು ನಿಜ ಅಂದೆ, ಸರಿ ಅಂತ ಎಲ್ಲಂದೆ?" ಅಂದಳು. ತಮ್ಮ ಹಿಂದಿನ ಸೀಟಿನಿಂದ, "ಬ್ಯಾಂಕಿಗೆ ಬಾರೇ, ಮ್ಯಾನೇಜರ್ ಮಾಡ್ತೀನಿ," ಅಂದ.